ನದಿ ಊರಿನಲ್ಲಿ ಈಜು ಬಾರದ ನಾವು

ಜೂನ್ ಬಂತೆಂದರೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಕಬಿನಿಗೆ ಎಷ್ಟು ನೀರು ಬಂತು? ವಯನಾಡಿನಲ್ಲಿ ಮಳೆ ಹಿಡಿದರೆ ಸಾಕು, ಎಚ್.ಡಿ. ಕೋಟೆಯ ಜಲಾಶಯ ರಾಜ್ಯದ ಬೇರೆ ದೊಡ್ಡ ಜಲಾಶಯಗಳಿಗಿಂತ ಮೊದಲೇ ತುಂಬುವುದು ವಾಡಿಕೆ. ಕೆ.ಆರ್. ನಗರದ ಕಡೆ ಚುಂಚನಕಟ್ಟೆಯಲ್ಲಿ ಕಾವೇರಿ ಕೆಂಪಗೆ ಧುಮುಕುತ್ತಾಳೆ. ಹುಣಸೂರಿನ ಹನಗೋಡು ಅಣೆಕಟ್ಟೆಯ ಮೇಲೆ ಲಕ್ಷ್ಮಣತೀರ್ಥ ಉಕ್ಕಿ ಹರಿಯುತ್ತದೆ. ನಾವು ಬೈಕ್ ಹತ್ತಿ ಹೋಗುತ್ತೇವೆ, ಫೋಟೊ ತೆಗೆಯುತ್ತೇವೆ, ಸ್ಟೇಟಸ್ ಹಾಕುತ್ತೇವೆ, ವಾಪಸ್ ಬರುತ್ತೇವೆ. ನೀರಿನ ಜೊತೆ ನಮ್ಮ ಸಂಬಂಧ ಅಲ್ಲಿಗೆ ಮುಗಿಯುತ್ತದೆ.

ಅದೇ ಜೂನ್‌ನಲ್ಲಿ ಯುರೋಪಿನಲ್ಲಿ ಇನ್ನೊಂದು ಸೀಸನ್ ಶುರುವಾಗುತ್ತದೆ. ಹೆಸರು ಕೆನೋ ಸ್ಲಾಲಂ ವಿಶ್ವಕಪ್. ರಭಸದ ನೀರಿನಲ್ಲಿ ಪುಟ್ಟ ದೋಣಿ ಓಡಿಸುವ ಸ್ಪರ್ಧೆ. 2025ರ ಸಾಲನ್ನೇ ನೋಡಿ: ಜೂನ್‌ನಲ್ಲಿ ಸ್ಪೇನಿನ ಲಾ ಸೆಯು ದುರ್ಗೆಲ್, ಫ್ರಾನ್ಸಿನ ಪೋ, ಚೆಕ್ ದೇಶದ ಪ್ರಾಗ್, ಆಗಸ್ಟ್ ಕೊನೆಗೆ ಸ್ಲೊವೇನಿಯಾದ ತಾತ್ಸೆನ್, ಸೆಪ್ಟೆಂಬರ್‌ನಲ್ಲಿ ಜರ್ಮನಿಯ ಆಗ್ಸ್‌ಬರ್ಗ್. ಕೊನೆಗೆ ಆಸ್ಟ್ರೇಲಿಯಾದ ಪೆನ್ರಿತ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್. ಅಂದರೆ ಹೆಚ್ಚುಕಡಿಮೆ ನಮ್ಮ ಮುಂಗಾರು ಶುರುವಾಗಿ ಮುಗಿಯುವಷ್ಟರಲ್ಲಿ ಅವರ ಸೀಸನ್ನೂ ಮುಗಿಯುತ್ತದೆ.

ಕ್ರಿಕೆಟ್ ಬಿಟ್ಟು ಬೇರೆ ಆಟದ ಸುದ್ದಿ ಓದುವುದೇ ಅಪರೂಪವಾಗಿರುವಾಗ, ಈ ಹೆಸರೇ ಕೇಳದ ಆಟದ ಬಗ್ಗೆ ಯಾಕೆ ಬರೆಯಬೇಕು ಎಂದು ನೀವು ಕೇಳಬಹುದು. ನನ್ನ ಉತ್ತರ ಸರಳ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ನಮಗೆ ಇಲ್ಲದಿರುವುದು ನದಿಯಲ್ಲ, ನೀರಲ್ಲ. ಇಲ್ಲದಿರುವುದು ನೀರಿನ ಪರಿಚಯ. ಈ ಆಟವನ್ನು ನೋಡುತ್ತಾ ಹೋದಂತೆ ಆ ಕೊರತೆ ಎದ್ದು ಕಾಣುತ್ತದೆ.

ಆಟ ಹೇಗೆ?

ನದಿಗೆ ಅಡ್ಡಲಾಗಿ ತಂತಿ ಕಟ್ಟಿ, ಅದರಿಂದ ಜೋಡಿ ಕೋಲುಗಳನ್ನು ನೀರಿನ ಮಟ್ಟಕ್ಕೆ ಇಳಿಬಿಟ್ಟಿರುತ್ತಾರೆ. ಒಂದು ಜೋಡಿ ಎಂದರೆ ಒಂದು ಗೇಟು. ಹಸಿರು-ಬಿಳಿ ಪಟ್ಟೆಯ ಗೇಟನ್ನು ನೀರು ಹರಿಯುವ ದಿಕ್ಕಿನಲ್ಲೇ ದಾಟಬೇಕು. ಕೆಂಪು-ಬಿಳಿ ಪಟ್ಟೆಯದನ್ನು ಹರಿವಿಗೆ ಎದುರಾಗಿ, ಕೆಳಗಿನಿಂದ ಮೇಲಕ್ಕೆ ದಾಟಬೇಕು. ಒಂದು ಓಟಕ್ಕೆ 18ರಿಂದ 25 ಗೇಟು. ಕೋಲಿಗೆ ದೋಣಿ, ಹುಟ್ಟು, ಮೈ ಯಾವುದು ತಗುಲಿದರೂ 2 ಸೆಕೆಂಡು ದಂಡ. ಗೇಟು ತಪ್ಪಿಸಿಕೊಂಡರೆ 50 ಸೆಕೆಂಡು. ಇಡೀ ಓಟವೇ ಸುಮಾರು ಒಂದೂವರೆ ನಿಮಿಷದ್ದು. ಹಾಗಾಗಿ ಒಂದು ಗೇಟು ತಪ್ಪಿತೆಂದರೆ ಆ ಓಟದ ಆಸೆ ಬಿಟ್ಟಂತೆಯೇ.

ಕಯಾಕ್ ಆದರೆ ಕಾಲು ಚಾಚಿ ಕೂತು, ಎರಡೂ ತುದಿಗೆ ಅಲಗಿರುವ ಹುಟ್ಟು ಹಾಕುತ್ತಾರೆ. ಕೆನೋ ಆದರೆ ಮಂಡಿಯೂರಿ, ಒಂದೇ ಅಲಗಿನ ಹುಟ್ಟು. ನಮ್ಮ ಕಾವೇರಿಯ ತೆಪ್ಪದವರ ಕೈಯಲ್ಲಿರುವುದೂ ಒಂದೇ ಅಲಗಿನ ಹುಟ್ಟೇ. ಈಚೆಗೆ ಕಯಾಕ್ ಕ್ರಾಸ್ ಎಂಬ ಇನ್ನೊಂದು ಬಗೆ ಸೇರಿಕೊಂಡಿದೆ. ನಾಲ್ಕು ಜನ ಒಟ್ಟಿಗೇ ಎತ್ತರದ ಅಟ್ಟದಿಂದ ನೀರಿಗೆ ಬಿದ್ದು ಪೈಪೋಟಿ ನಡೆಸುತ್ತಾರೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅದು ಮೊದಲ ಸಲ ಸೇರ್ಪಡೆಯಾಯಿತು. ಆ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಸ್ಲಾಲಂನ ಮೂರೂ ಚಿನ್ನ ಆಸ್ಟ್ರೇಲಿಯಾದ ಒಂದೇ ಮನೆಗೆ ಹೋದವು. ಅಕ್ಕ ಜೆಸ್ಸಿಕಾ ಫಾಕ್ಸ್‌ಗೆ ಎರಡು, ತಂಗಿ ನೊಯೆಮಿಗೆ ಒಂದು.

ಇದು ಬರೀ ತೋಳ್ಬಲದ ಆಟ ಎಂದುಕೊಳ್ಳಬೇಡಿ. ಬಂಡೆಗೆ ನೀರು ಬಡಿದಾಗ ಅದರ ಹಿಂದೆ ಒಂದು ತಣ್ಣನೆಯ ಜಾಗ ಉಂಟಾಗುತ್ತದೆ. ಅಲ್ಲಿ ನೀರು ಹಿಂದಕ್ಕೆ, ಮೇಲ್ಮುಖವಾಗಿ ತಿರುಗುತ್ತದೆ. ಆಟಗಾರ ಹರಿವಿಗೆ ಎದುರಾಗಿ ಹೋಗಬೇಕಾದಾಗ ಆ ತಿರುಗು ನೀರಿಗೆ ದೋಣಿ ನುಗ್ಗಿಸಿ, ಅದರ ಬಲದಿಂದಲೇ ಗೇಟು ದಾಟುತ್ತಾನೆ. ಎಲ್ಲಿ ಸೆಳವು, ಎಲ್ಲಿ ಸುಳಿ, ಎಲ್ಲಿ ಮಡು ಎಂದು ಕಣ್ಣಲ್ಲೇ ಅಳೆಯುವುದು ಈ ಆಟದ ಅರ್ಧ ವಿದ್ಯೆ. ಈ ಮೂರು ಮಾತುಗಳೂ ನಮ್ಮವೇ ಎಂಬುದನ್ನು ಗಮನಿಸಿ. ನಮ್ಮ ಹಿರಿಯರಿಗೆ ಆ ವಿದ್ಯೆ ಇತ್ತು. ನಮಗೆ ಆ ಪದಗಳು ಪತ್ರಿಕೆಯ ಸಾವಿನ ಸುದ್ದಿಯಲ್ಲಿ ಮಾತ್ರ ಸಿಗುತ್ತಿವೆ.

ದೊಡ್ಡ ಊರೇ ಬೇಕಿಲ್ಲ

ವಿಶ್ವಕಪ್ ಎಂದರೆ ಮಹಾನಗರ, ಕೋಟಿಗಟ್ಟಲೆ ಕ್ರೀಡಾಂಗಣ ಎಂಬ ಕಲ್ಪನೆ ನಮ್ಮದು. ಸ್ಲಾಲಂ ಆ ಕಲ್ಪನೆಯನ್ನು ಅಲುಗಾಡಿಸುತ್ತದೆ. ಲಾ ಸೆಯು ದುರ್ಗೆಲ್ ಪಿರನೀಸ್ ಬೆಟ್ಟದ ಬುಡದಲ್ಲಿರುವ ಊರು. ಜನಸಂಖ್ಯೆ ಸುಮಾರು ಹನ್ನೆರಡು ಸಾವಿರ. 2011ರ ಜನಗಣತಿಯಲ್ಲೇ ನಮ್ಮ ಹುಣಸೂರು ಪಟ್ಟಣ ಐವತ್ತು ಸಾವಿರ ದಾಟಿತ್ತು. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ಗಾಗಿ ಆ ಊರಿನ ಸೆಗ್ರೆ ನದಿಯ ಪಕ್ಕ ಕಾಲುವೆ ಮಾಡಿದರು. ಒಲಿಂಪಿಕ್ಸ್ ಮುಗಿದ ಮೇಲೆ ಅದಕ್ಕೆ ಬೀಗ ಹಾಕಲಿಲ್ಲ. ಮೂವತ್ತು ವರ್ಷ ದಾಟಿದರೂ ಅಲ್ಲಿ ಇಂದಿಗೂ ವಿಶ್ವಕಪ್ ನಡೆಯುತ್ತಿದೆ.

ಇನ್ನೂ ಕುತೂಹಲದ ಸಂಗತಿ ಎಂದರೆ, ಈ ಆಟದ ಹಲವು ಹೆಸರಾಂತ ಜಾಗಗಳು ಆಟಕ್ಕೆಂದು ಹುಟ್ಟಿದವೇ ಅಲ್ಲ. ಆಗ್ಸ್‌ಬರ್ಗ್‌ನ ಕಾಲುವೆಯನ್ನು ಮೊದಲು ಮಾಡಿದ್ದು ಚಳಿಗಾಲದಲ್ಲಿ ತೇಲಿಬರುವ ಮಂಜುಗಡ್ಡೆಯನ್ನು ನಗರದ ನೀರು ಸರಬರಾಜು ಕೇಂದ್ರದಿಂದ ಆಚೆ ತಿರುಗಿಸಲು. ಅದನ್ನೇ ಬದಲಿಸಿ 1972ರ ಮ್ಯೂನಿಕ್ ಒಲಿಂಪಿಕ್ಸ್‌ಗೆ ಸ್ಲಾಲಂ ಕಾಲುವೆ ಮಾಡಿದರು. ಸ್ಲಾಲಂ ಒಲಿಂಪಿಕ್ಸ್‌ಗೆ ಬಂದಿದ್ದೇ ಆಗ. ಅಂದಿನ ಪೂರ್ವ ಜರ್ಮನಿಯವರು ಅದರ ಪಡಿಯಚ್ಚಿನಂಥ ಕಾಲುವೆಯನ್ನು ತಮ್ಮ ತ್ಸ್ವಿಕಾವ್ ಊರಿನಲ್ಲಿ ಕಟ್ಟಿ ಅಭ್ಯಾಸ ಮಾಡಿದರು, ನಾಲ್ಕಕ್ಕೆ ನಾಲ್ಕೂ ಚಿನ್ನ ಗೆದ್ದರು. ಅಭ್ಯಾಸಕ್ಕೆ ನೀರು ಸಿಕ್ಕಿದವನು ಗೆಲ್ಲುತ್ತಾನೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ತಾತ್ಸೆನ್‌ನಲ್ಲಿ ಸಾವಾ ನದಿಯ ಕಟ್ಟೆಯ ಇಳಿಜಾರಿನಿಂದ ಜಾರಿಕೊಂಡೇ ಸ್ಪರ್ಧೆ ಆರಂಭವಾಗುತ್ತದೆ.

ನಮಗೆ ಇನ್ನೂ ಹತ್ತಿರದ ಉದಾಹರಣೆ ಇಂಡೊನೇಷ್ಯಾದ್ದು. 2018ರ ಏಷ್ಯನ್ ಗೇಮ್ಸ್‌ನ ಸ್ಲಾಲಂ ಸ್ಪರ್ಧೆ ನಡೆದದ್ದು ಪಶ್ಚಿಮ ಜಾವಾದ ರೆಂತಾಂಗ್ ಎಂಬಲ್ಲಿ. ಅದು ಭತ್ತದ ಗದ್ದೆಗಳಿಗೆ ನೀರುಣಿಸುವ ಅಣೆಕಟ್ಟೆ! ಭತ್ತದ ಕಣಜ ಎನಿಸಿಕೊಂಡ ಕೆ.ಆರ್. ನಗರದವರಿಗೆ ಈ ಚಿತ್ರ ವಿವರಿಸಿ ಹೇಳಬೇಕಿಲ್ಲ.

ನಮ್ಮ ದೇಶದಲ್ಲೇ ಆದರೆ ಮಧ್ಯಪ್ರದೇಶದ ಮಹೇಶ್ವರ. ಅಹಲ್ಯಾಬಾಯಿ ಹೋಳ್ಕರ್ ರಾಜಧಾನಿ, ಸೀರೆಗೆ ಹೆಸರಾದ ಊರು. ಅಲ್ಲಿ ನರ್ಮದೆ ಬಂಡೆಗಳ ನಡುವೆ ನೂರಾರು ಕವಲಾಗಿ ಹರಿಯುವ ಸಹಸ್ರಧಾರಾ ಎಂಬ ಜಾಗವಿದೆ. 2023ರ ಆರಂಭದಲ್ಲಿ ಮಧ್ಯಪ್ರದೇಶದಲ್ಲಿ ನಡೆದ ಖೇಲೊ ಇಂಡಿಯಾ ಯುವ ಕ್ರೀಡಾಕೂಟದಲ್ಲಿ ಕೆನೋ ಸ್ಲಾಲಂ ಮೊದಲ ಬಾರಿಗೆ ಸೇರಿತು. ಸ್ಪರ್ಧೆ ನಡೆದದ್ದು ಇದೇ ಸಹಸ್ರಧಾರಾದಲ್ಲಿ. ಅದೇ ವರ್ಷ ಹಾಂಗ್‌ಝೌ ಏಷ್ಯನ್ ಗೇಮ್ಸ್‌ಗೆ ಹೋದ ಭಾರತದ ಸ್ಲಾಲಂ ತಂಡದಲ್ಲಿ ಹಿತೇಶ್ ಕೇವಟ್, ಶುಭಂ ಕೇವಟ್ ಎಂಬ ಹೆಸರುಗಳಿದ್ದವು. ಕೇವಟ್ ಎಂದರೆ ಅಂಬಿಗ. ರಾಮನನ್ನು ಗಂಗೆ ದಾಟಿಸಿದವನನ್ನು ಉತ್ತರದವರು ಕರೆಯುವುದೂ ಅದೇ ಹೆಸರಿನಿಂದ.

ಅದೇ ಕ್ರೀಡಾಕೂಟದಲ್ಲಿ, ನಿಂತ ನೀರಿನ ಕೆನೋ ಸ್ಪರ್ಧೆಯಲ್ಲಿ, ಅರ್ಜುನ್ ಸಿಂಗ್ ಮತ್ತು ಸುನಿಲ್ ಸಿಂಗ್ ಜೋಡಿ 1000 ಮೀಟರ್‌ನಲ್ಲಿ ಕಂಚು ಗೆದ್ದಿತು. ಸುನಿಲ್ ಮಣಿಪುರದ ಲೋಕ್ತಕ್ ಸರೋವರದ ಸೀಮೆಯವರು. ಅಂಬಿಗರ ಹೆಸರು ಹೊತ್ತವರು, ಸರೋವರದ ಸೀಮೆಯವರು ದೇಶದ ತಂಡದಲ್ಲಿದ್ದಾರೆ. ಅಂಬಿಗರ ಚೌಡಯ್ಯನ ನಾಡಿನ ನಾವು, ಬೆಸ್ತರ ಕೇರಿಗಳಿರುವ ಊರಿನವರು, ಎಲ್ಲಿದ್ದೇವೆ?

ನಮ್ಮ ಲೆಕ್ಕ

ಒಮ್ಮೆ ಎಣಿಸಿ ನೋಡೋಣ. ಕಾವೇರಿ, ಕಬಿನಿ, ಲಕ್ಷ್ಮಣತೀರ್ಥ, ನುಗು, ತಾರಕ. ನಾಲ್ಕು ತಾಲ್ಲೂಕುಗಳ ಸೀಮೆಗೆ ಐದು ನದಿ. (ಸರಗೂರು, ಸಾಲಿಗ್ರಾಮ ಈಗ ಬೇರೆ ತಾಲ್ಲೂಕುಗಳಾಗಿವೆ, ನದಿ ಮಾತ್ರ ಅವೇ.) ಅದರ ಮೇಲೆ ಚಾಮರಾಜ ನಾಲೆಗಳು, ಹಾರಂಗಿ ನಾಲೆ, ಹನಗೋಡು ನಾಲೆ, ಊರಿಗೊಂದು ಕೆರೆ. ಪಿರಿಯಾಪಟ್ಟಣದಿಂದ ಸ್ವಲ್ಪ ಆಚೆ ಹೋದರೆ ಕೊಡಗಿನ ದುಬಾರೆ. ಮಳೆಗಾಲದಲ್ಲಿ ಬೆಂಗಳೂರಿನ ಟೆಕ್ಕಿಗಳು ರಾಫ್ಟಿಂಗ್‌ಗೆ ಅಲ್ಲಿಗೆ ಬರುತ್ತಾರೆ. ದಕ್ಷಿಣ ಕೊಡಗಿನ ಬರಪೊಳೆಯಲ್ಲೂ ರಾಫ್ಟಿಂಗ್ ಇದೆ. ಗಡಿ ದಾಟಿ ಕೇರಳದ ಕೋಯಿಕ್ಕೋಡ್ ಕಡೆ ಹೋದರೆ, ಕೋಡಂಚೇರಿಯ ಹೊಳೆಗಳಲ್ಲಿ ಮುಂಗಾರಿನಲ್ಲಿ ಮಲಬಾರ್ ರಿವರ್ ಫೆಸ್ಟಿವಲ್ ನಡೆಯುತ್ತದೆ. ವಿದೇಶದ ಕಯಾಕ್ ಆಟಗಾರರೂ ಅಲ್ಲಿಗೆ ಬರುತ್ತಾರೆ. ನಮ್ಮ ಕಬಿನಿಗೆ ನೀರು ಕೊಡುವ ವಯನಾಡಿನ ಪಕ್ಕದ ಜಿಲ್ಲೆ ಅದು.

ಈಗ ನಿಮ್ಮ ತರಗತಿಯಲ್ಲಿ ಒಂದು ಪ್ರಶ್ನೆ ಕೇಳಿ. ಎಷ್ಟು ಜನಕ್ಕೆ ಈಜು ಬರುತ್ತದೆ? ಹುಡುಗಿಯರಲ್ಲಿ ಎಷ್ಟು ಜನಕ್ಕೆ? ಕೈ ಎಷ್ಟು ಮೇಲೇಳುತ್ತವೆ ನೋಡಿ.

ನಮ್ಮ ಅಪ್ಪಂದಿರ ಕಾಲದ ಹೈಕಳು ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡೋ, ಬಾಳೆದಿಂಡು ತಬ್ಬಿಕೊಂಡೋ ಬಾವಿಯಲ್ಲಿ ಈಜು ಕಲಿತರು. ಆಮೇಲೆ ಟ್ರ್ಯಾಕ್ಟರ್ ಟ್ಯೂಬು ಬಂತು. ಈಗ ಎಷ್ಟೋ ಬಾವಿಗಳು ಬತ್ತಿವೆ, ಮುಚ್ಚಿವೆ. ಜಾಗಕ್ಕೆ ಬೋರ್‌ವೆಲ್ ಬಂದಿದೆ. ಬೋರ್‌ವೆಲ್‌ನಲ್ಲಿ ಯಾರೂ ಈಜು ಕಲಿಯಲಾರರು. ನಮ್ಮ ಕಡೆಯ ಬಹುಪಾಲು ಮಕ್ಕಳಿಗೆ ಈಜುಕೊಳ ಎಂದರೆ ಮೈಸೂರಿನ ಸರಸ್ವತಿಪುರಂನ ವಿಶ್ವವಿದ್ಯಾಲಯದ ಕೊಳ. ಅದಕ್ಕೆ ನಲವತ್ತು-ಎಪ್ಪತ್ತು ಕಿಲೋಮೀಟರ್ ಬಸ್ ಹಿಡಿಯಬೇಕು. ಹಾಗಾಗಿ ಉಳಿದದ್ದು ಅಮ್ಮನ ಒಂದೇ ಮಾತು: "ನೀರ್ ತಾವ ಹೋಗ್ಬ್ಯಾಡ ಕಣ್ ಮಗಾ." ಅಮ್ಮನ ಭಯದಲ್ಲಿ ತಪ್ಪಿಲ್ಲ. ಆದರೆ ಆ ಮಾತೇ ನಮ್ಮ ಇಡೀ ಜಲ ಶಿಕ್ಷಣವಾಗಿಬಿಟ್ಟಿರುವುದು ತಪ್ಪು.

ಬೋರ್ಡು ಈಜು ಕಲಿಸುವುದಿಲ್ಲ

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ ನೀರಿನಲ್ಲಿ ಮುಳುಗಿ ಸತ್ತವರು 38 ಸಾವಿರಕ್ಕೂ ಹೆಚ್ಚು. ದಿನಕ್ಕೆ ನೂರಕ್ಕೂ ಹೆಚ್ಚು ಜನ. ವಿಶ್ವ ಆರೋಗ್ಯ ಸಂಸ್ಥೆ 2021ಕ್ಕೆ ಕೊಟ್ಟ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು ಮೂರು ಲಕ್ಷ. ಅದೇ 2021ರಲ್ಲಿ ವಿಶ್ವಸಂಸ್ಥೆ ಜುಲೈ 25ನ್ನು ಮುಳುಗು ಸಾವು ತಡೆ ದಿನವೆಂದು ಘೋಷಿಸಿತು. ಯೋಗ ದಿನ, ಪರಿಸರ ದಿನ, ರಕ್ತದಾನ ದಿನಗಳನ್ನು ಆಚರಿಸುವ ನಮ್ಮ ಕಾಲೇಜುಗಳಲ್ಲಿ ಈ ದಿನದ ಹೆಸರು ಕೇಳಿದವರು ಎಷ್ಟು ಮಂದಿ ಇದ್ದಾರು?

ನಮ್ಮ ಕಡೆ ಈ ಸಾವುಗಳು ಹೇಗೆ ಆಗುತ್ತವೆ ಎಂದು ನಿಮಗೆ ಗೊತ್ತು. ಬಟ್ಟೆ ಒಗೆಯಲು ಹೋಗಿ ನಾಲೆಗೆ ಜಾರುವುದು. ಗಣಪತಿ ಬಿಡಲು ಕೆರೆಗೆ ಇಳಿಯುವುದು. ಪರೀಕ್ಷೆ ಮುಗಿದ ಖುಷಿಗೆ ಗೆಳೆಯರೊಟ್ಟಿಗೆ ಹೊಳೆಗೆ ಹೋಗುವುದು. ಒಬ್ಬ ಜಾರಿದ, ಎತ್ತಲು ಇನ್ನೊಬ್ಬ ಇಳಿದ, ಅವನನ್ನು ಹಿಡಿಯಲು ಮೂರನೆಯವನು. ಒಂದೇ ಮನೆಯ, ಒಂದೇ ಬೀದಿಯ ಮೂವರು ಒಟ್ಟಿಗೆ ಹೋದ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಮೂರನೆಯವನಿಗೆ ಗೊತ್ತಿರಬೇಕಾದದ್ದು ಒಂದೇ ವಿಷಯ: ನೀನು ಇಳಿಯಬೇಡ, ಹಗ್ಗ ಎಸೆ, ಪಂಚೆ ಎಸೆ, ಖಾಲಿ ಕ್ಯಾನ್ ಎಸೆ. ಅದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಸಾವಾದ ಮರುವಾರ ಅಲ್ಲೊಂದು ಬೋರ್ಡು ಬರುತ್ತದೆ: "ಇಲ್ಲಿ ಈಜುವುದನ್ನು ನಿಷೇಧಿಸಲಾಗಿದೆ." ಬೋರ್ಡು ಬೇಕು, ಬೇಡ ಎನ್ನುತ್ತಿಲ್ಲ. ಆದರೆ ನಾಲೆಗೆ ಜಾರಿದವಳು ಈಜಲು ಹೋದವಳಲ್ಲ. ಅವಳಿಗೆ ಬೋರ್ಡು ಯಾವ ಉಪಯೋಗಕ್ಕೆ ಬರುತ್ತದೆ?

ಸ್ಲಾಲಂ ನೋಡಿ ನಾನು ಕಲಿತ ದೊಡ್ಡ ಪಾಠ ಇದೇ. ಆ ದೇಶಗಳಲ್ಲಿ ರಭಸದ ನೀರು ನಮ್ಮದಕ್ಕಿಂತ ಕಡಿಮೆ ಅಪಾಯಕಾರಿಯಲ್ಲ. ಆದರೆ ಅಲ್ಲಿನ ಆಟಗಾರ ಹೆಲ್ಮೆಟ್, ಲೈಫ್ ಜಾಕೆಟ್ ಇಲ್ಲದೆ ದೋಣಿ ಹತ್ತುವಂತಿಲ್ಲ. ಮೊದಲು ಕಲಿಯುವುದು ದೋಣಿ ಮಗುಚಿದರೆ ಏನು ಮಾಡಬೇಕು ಎಂಬುದನ್ನು. ಗೆಲ್ಲುವ ಪಾಠ ಆಮೇಲೆ. ಭಯವನ್ನು ಅವರು ಶಿಸ್ತನ್ನಾಗಿ ಬದಲಿಸಿಕೊಂಡಿದ್ದಾರೆ, ನಾವು ನಿಷೇಧವನ್ನಾಗಿ.

ಎದುರು ಮಾತುಗಳು

"ಹಾಗಾದರೆ ನಾಳೆ ಚುಂಚನಕಟ್ಟೆಯಲ್ಲಿ ದೋಣಿ ಬಿಡೋಣವಾ?" ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಖಂಡಿತ ಬೇಡ. ಅದು ಜಲಪಾತ, ಆಟದ ಜಾಗವಲ್ಲ. ಅಣೆಕಟ್ಟೆಗಳೂ ಅಷ್ಟೇ. ಕಟ್ಟೆಯ ಮೇಲಿಂದ ಬಿದ್ದ ನೀರು ಬುಡದಲ್ಲಿ ಮತ್ತೆ ಕಟ್ಟೆಯತ್ತಲೇ ಮಗುಚಿ ಬರುತ್ತದೆ. ಅದರೊಳಗೆ ಸಿಕ್ಕ ಮರದ ದಿಮ್ಮಿ ಕೂಡ ಅಲ್ಲೇ ಸುತ್ತುತ್ತಿರುತ್ತದೆ, ಮನುಷ್ಯನ ಪಾಡೇನು? ಮೇಲಿನಿಂದ ನೋಡಿದರೆ ಅದು ಸಣ್ಣ ನೊರೆಯಂತೆ ಕಾಣುವುದೇ ದೊಡ್ಡ ಮೋಸ. ರೆಂತಾಂಗ್‌ನಲ್ಲಾಗಲಿ ತಾತ್ಸೆನ್‌ನಲ್ಲಾಗಲಿ ಆಟ ನಡೆಯುವುದು ಎಂಜಿನಿಯರುಗಳು ಅಳೆದು, ತಿದ್ದಿ, ಸುರಕ್ಷಿತ ಮಾಡಿದ ಹಾದಿಯಲ್ಲಿ.

ಎರಡನೆಯದು ಕಾಡು. ಕಬಿನಿ ಹಿನ್ನೀರಿನ ದೊಡ್ಡ ಭಾಗ ನಾಗರಹೊಳೆ ಮತ್ತು ಬಂಡೀಪುರದ ಹುಲಿ ಸಂರಕ್ಷಿತ ಪ್ರದೇಶಕ್ಕೆ ತಾಗಿಕೊಂಡಿದೆ. ಬೇಸಿಗೆಯಲ್ಲಿ ಆನೆಗಳು ಅಲ್ಲಿ ಸೇರುತ್ತವೆ, ನೀರಿನಲ್ಲಿ ಮೊಸಳೆಗಳಿವೆ. ಅಲ್ಲಿ ನಾವು ದೋಣಿ ಇಳಿಸಬಾರದು, ಇಳಿಸಿ ಎಂದು ಕೇಳಲೂಬಾರದು.

ಮೂರನೆಯದು ನೀರಿನ ಜಗಳ. ಕಾವೇರಿ ಎಂದೊಡನೆ ನಮ್ಮ ರೈತರ ಎದೆ ಝಲ್ಲೆನ್ನುತ್ತದೆ. ಆದರೆ ಈ ಆಟ ನೀರು ಕುಡಿಯುವುದಿಲ್ಲ. ಮೇಲಿಂದ ಬಂದ ನೀರು ಗೇಟುಗಳ ಕೆಳಗೆ ಹರಿದು, ಅದೇ ನೀರಾಗಿ ಕೆಳಗೆ ಗದ್ದೆಗೆ ಹೋಗುತ್ತದೆ. ಉತ್ತರ ಕನ್ನಡದ ಕಾಳಿ ನದಿಯಲ್ಲಿ ರಾಫ್ಟಿಂಗ್ ನಡೆಯುವುದೂ ಸೂಪಾ ಅಣೆಕಟ್ಟೆಯಿಂದ ವಿದ್ಯುತ್‌ಗೆಂದು ಹೇಗೂ ಬಿಡುವ ನೀರಿನಲ್ಲೇ. ಹುಣಸೂರಿನವರಿಗೆ ಇನ್ನೊಂದು ಮಾತು: ಪಟ್ಟಣದ ಚರಂಡಿ ಲಕ್ಷ್ಮಣತೀರ್ಥಕ್ಕೆ ಸೇರುತ್ತಿರುವುದನ್ನು ನಾವು ಸಹಿಸಿಕೊಂಡಿರುವುದು ಆ ನದಿಗೆ ನಾವ್ಯಾರೂ ಇಳಿಯದ ಕಾರಣಕ್ಕೆ. ನಮ್ಮ ಮಕ್ಕಳು ದಿನಾ ಮುಳುಗೇಳುವ ನೀರಾಗಿದ್ದರೆ ಇಷ್ಟು ದಿನ ಸುಮ್ಮನಿರುತ್ತಿದ್ದೆವೇ?

ನಾಲ್ಕನೆಯದು ದುಡ್ಡು. "ಇದು ಶ್ರೀಮಂತರ ಆಟ" ಎಂಬ ಮಾತಿನಲ್ಲಿ ನಿಜವಿದೆ. ಸ್ಪರ್ಧೆಯ ದೋಣಿ ದುಬಾರಿ, ಹೊರಗಿನಿಂದ ಬರಬೇಕು. ಆದರೆ ಎಲ್ಲ ಆಟವನ್ನೂ ಕೊನೆಯ ಮೆಟ್ಟಿಲಿನಿಂದ ಶುರು ಮಾಡಬೇಕಿಲ್ಲವಲ್ಲ. ಸ್ಲಾಲಂ ಹುಟ್ಟಿದ್ದೇ 1933ರಲ್ಲಿ, ಸ್ವಿಟ್ಜರ್‌ಲೆಂಡಿನ ನಿಂತ ನೀರಿನಲ್ಲಿ! ಹಿಮದ ಮೇಲೆ ಜಾರುವ ಆಟ ಕಂಡವರು ಅದನ್ನು ನೀರಿನ ಮೇಲೆ ಆಡಿ ನೋಡಿದರು. ರಭಸದ ನೀರು ಆಮೇಲೆ ಬಂತು.

ನಾವು ಕೇಳಬೇಕಾದದ್ದು

ಹಾಗಾಗಿ ನಾನು ಕೇಳುವುದು ಕೃತಕ ಕಾಲುವೆಯನ್ನಲ್ಲ, ರೆಸಾರ್ಟನ್ನಲ್ಲ. ಮೂರು ಮೆಟ್ಟಿಲು ಸಾಕು.

ಒಂದು, ಈಜು. ಹೈಸ್ಕೂಲು ಮುಗಿಸುವ ಹೊತ್ತಿಗೆ ಪ್ರತಿ ಮಗುವಿಗೂ ನೀರಿನಲ್ಲಿ ತೇಲಲು, ಇಪ್ಪತ್ತೈದು ಮೀಟರ್ ಈಜಲು, ಮುಳುಗುತ್ತಿರುವವರಿಗೆ ದಡದಿಂದಲೇ ಹಗ್ಗ ಎಸೆಯಲು ಬರಬೇಕು. ಶಾಲಾ ವಯಸ್ಸಿನ ಮಕ್ಕಳಿಗೆ ಈಜು ಕಲಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಈಜುಕೊಳ ಇಲ್ಲ ಎನ್ನುವುದು ನೆಪವಾಗಬಾರದು. ಬಾಂಗ್ಲಾದೇಶದಲ್ಲಿ ಹಳ್ಳಿಯ ಕೊಳದಲ್ಲೇ ಬಿದಿರಿನ ಅಟ್ಟಣೆ, ಬೇಲಿ ಕಟ್ಟಿ ಸಾವಿರಾರು ಮಕ್ಕಳಿಗೆ ಈಜು ಕಲಿಸಿದ್ದಾರೆ. ಬಿದಿರಿಗೆ ನಮ್ಮಲ್ಲಿ ಬರವೇ? ಕೆರೆಗೆ ಬರವೇ? ಹೆಣ್ಣುಮಕ್ಕಳಿಗೆ ಕಲಿಸಲು ಹೆಣ್ಣುಮಕ್ಕಳೇ ಇರಲಿ. ಮಹಿಳೆಯರ ಕೆನೋ ಸ್ಲಾಲಂ ಒಲಿಂಪಿಕ್ಸ್‌ಗೆ ಸೇರಿದ್ದೇ ಟೋಕಿಯೊದಲ್ಲಿ, ಮೊದಲ ಚಿನ್ನ ಗೆದ್ದದ್ದು ಅದೇ ಜೆಸ್ಸಿಕಾ ಫಾಕ್ಸ್. ಅಲ್ಲೂ ಬಾಗಿಲು ತೆರೆದದ್ದು ತಡವಾಗಿಯೇ. ನಮ್ಮ ಬಾಗಿಲು ಇನ್ನೂ ಮುಚ್ಚಿದೆ ಎಂಬುದಕ್ಕೆ ಅದು ಸಮಾಧಾನವಾಗಬಾರದು.

ಎರಡು, ತಾಲ್ಲೂಕಿಗೊಂದು ಕೆರೆಯಲ್ಲಿ ದೋಣಿ. ನಾಲ್ಕಾರು ಪ್ಲಾಸ್ಟಿಕ್ ಕಯಾಕ್, ಅಷ್ಟೇ ಹೆಲ್ಮೆಟ್, ಲೈಫ್ ಜಾಕೆಟ್. ಹಗ್ಗಕ್ಕೆ ಪಿವಿಸಿ ಪೈಪು ನೇತುಹಾಕಿದರೆ ಗೇಟು ರೆಡಿ. ಕಲಿಸುವವರು ಬೇಕಲ್ಲ ಎಂದರೆ, ರಾಜ್ಯ ಸರ್ಕಾರದ್ದೇ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ. ಅವರ ತರಬೇತಿ ಶಿಬಿರಗಳಿಗೆ ನಮ್ಮ ತಾಲ್ಲೂಕುಗಳಿಂದ ಹುಡುಗ-ಹುಡುಗಿಯರನ್ನು ಕಳಿಸಲಿ. ಅವರ ಪಕ್ಕದಲ್ಲಿ ನಮ್ಮ ತೆಪ್ಪದವರನ್ನೂ ಬೆಸ್ತರ ಕೇರಿಯ ಹಿರಿಯರನ್ನೂ ಸಂಬಳ ಕೊಟ್ಟು ನಿಲ್ಲಿಸಲಿ. ಹಾಡಿಯ ಹುಡುಗರನ್ನು ಈ ಪಟ್ಟಿಯ ಕೊನೆಗಲ್ಲ, ಮೊದಲಿಗೆ ಸೇರಿಸಲಿ. ನೀರಿನ ಗುಣ ಬಲ್ಲವರನ್ನು ಬಿಟ್ಟು ಪವರ್‌ಪಾಯಿಂಟ್ ಬಲ್ಲವರನ್ನು ಕರೆಯುವ ಚಾಳಿ ಇಲ್ಲಾದರೂ ಬೇಡ.

ಮೂರು, ಹರಿಯುವ ನೀರು. ಮೊದಲೆರಡು ಮೆಟ್ಟಿಲು ಹತ್ತಿದವರಿಗೆ ಮಾತ್ರ. ಈಗಾಗಲೇ ಸುರಕ್ಷತೆಯ ವ್ಯವಸ್ಥೆ ಇರುವ ಕಡೆ ಶಿಬಿರ ನಡೆಯಲಿ. ಜೊತೆಗೆ, ಕಾವೇರಿಯ ಯಾವ ಹರಿವು ಕಾಡಿಗೂ ರೈತನಿಗೂ ತೊಂದರೆ ಕೊಡದೆ ಅಭ್ಯಾಸಕ್ಕೆ ಒದಗೀತು ಎಂದು ಬಲ್ಲವರು ಬಂದು ಅಳೆಯಲಿ. ಎಲ್ಲೂ ಸರಿಹೊಂದದಿದ್ದರೆ ಬೇಡ. ಮೊದಲ ಮೆಟ್ಟಿಲಂತೂ ಉಳಿಯುತ್ತದೆ, ನಿಜವಾಗಿ ಜೀವ ಉಳಿಸುವುದೂ ಅದೇ.

ಕೆಲಸ ಸಿಗುತ್ತದಾ?

ಈ ಪುಟ ಓದುವ ಹೆಚ್ಚಿನವರು ನನ್ನ ಹಾಗೆಯೇ ಎಫ್‌ಡಿಎ, ಪ್ರಥಮ ದರ್ಜೆ ಎನ್ನುತ್ತಾ ಲೈಬ್ರರಿಯಲ್ಲಿ ಕೂತವರು. ಹಾಗಾಗಿ ಈ ಪ್ರಶ್ನೆಗೆ ನೇರವಾಗಿ ಉತ್ತರಿಸಬೇಕು. ಕಯಾಕ್ ಹಿಡಿದರೆ ಕೆಲಸ ಗ್ಯಾರಂಟಿ ಎಂದು ಹೇಳಿದರೆ ಅದು ಕೋಚಿಂಗ್ ಸೆಂಟರ್ ಜಾಹೀರಾತಾಗುತ್ತದೆ. ಆದರೆ ಕೆಲವು ಬಾಗಿಲುಗಳಿರುವುದು ನಿಜ. ಕೇಂದ್ರ ಸರ್ಕಾರದ ಕ್ರೀಡಾ ಕೋಟಾ ನೇಮಕಾತಿಗೆ ಮಾನ್ಯವಾದ ಆಟಗಳ ಪಟ್ಟಿಯಲ್ಲಿ ಕಯಾಕಿಂಗ್ ಮತ್ತು ಕೆನೋಯಿಂಗ್ ಇದೆ. ಪಕ್ಕದ ಕೇರಳದ ಆಲಪ್ಪುಳದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ಜಲಕ್ರೀಡಾ ಕೇಂದ್ರವಿದೆ. ಗೋವಾದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಜೀವರಕ್ಷಣೆ, ದೋಣಿ ಚಾಲನೆಯ ಕೋರ್ಸ್‌ಗಳನ್ನು ನಡೆಸುತ್ತದೆ. ರಾಫ್ಟಿಂಗ್ ಗೈಡ್, ಈಜುಕೊಳದ ಜೀವರಕ್ಷಕ, ನೆರೆ ಬಂದಾಗ ದೋಣಿ ನಡೆಸುವ ರಕ್ಷಣಾ ಸಿಬ್ಬಂದಿ ಇವೆಲ್ಲ ನಿಜವಾದ ಕೆಲಸಗಳೇ. ನಮ್ಮ ಸುತ್ತಲಿನ ರೆಸಾರ್ಟುಗಳಲ್ಲಿ ನಮ್ಮೂರ ಹುಡುಗರು ಲಗೇಜು ಹೊರುತ್ತಿದ್ದಾರೆ. ಅವರ ಕೈಯಲ್ಲೊಂದು ಪ್ರಮಾಣಪತ್ರ ಇದ್ದರೆ ಅದೇ ನೀರಿನಲ್ಲಿ ಅವರು ಗೈಡ್ ಆಗಬಹುದು.

ಒಂದು ವೇಳೆ ಯಾವ ಕೆಲಸವೂ ಸಿಗಲಿಲ್ಲ ಎಂದೇ ಇಟ್ಟುಕೊಳ್ಳಿ. ಈಜು ಕಲಿತವನಿಗೆ ನಷ್ಟವೇನು? ವರ್ಷಗಟ್ಟಲೆ ಕೂತು ಬಾಯಿಪಾಠ ಮಾಡಿದ ಸಾಮಾನ್ಯ ಜ್ಞಾನ ಪರೀಕ್ಷೆಯ ಮರುದಿನ ಮರೆಯುತ್ತದೆ. ಈಜು ಮರೆಯುವುದಿಲ್ಲ.

ಎಲ್ಲಿಂದ ಶುರು?

ದೂರು ಹೇಳಿ ಸುಮ್ಮನಾಗುವುದು ಸುಲಭ. ಕೈಗೆ ಎಟುಕುವ ಎರಡು ಕೆಲಸ ಹೇಳಿ ಮುಗಿಸುತ್ತೇನೆ. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಅಲ್ಲಿ ಮಕ್ಕಳು ಆಟದ ಮೈದಾನ, ಶೌಚಾಲಯ, ಬಸ್ಸು ಕೇಳುತ್ತಾರೆ, ಕೇಳಲೇಬೇಕು. ಈ ಸಲ ನಿಮ್ಮ ಮನೆಯ ತಮ್ಮ-ತಂಗಿಯರಿಗೆ ಇನ್ನೊಂದು ಬೇಡಿಕೆ ಹೇಳಿಕೊಡಿ: "ನಮಗೆ ಈಜು ಕಲಿಸಿ." ಹತ್ತು ವರ್ಷದ ಹುಡುಗಿ ಎದ್ದು ನಿಂತು ಕೇಳಿದರೆ ಇಲ್ಲ ಎನ್ನುವುದು ದೊಡ್ಡವರಿಗೆ ಕಷ್ಟ. ಇನ್ನೊಂದು, ಜುಲೈ 25ರಂದು ನಿಮ್ಮ ಕಾಲೇಜಿನ ಎನ್‌ಎಸ್‌ಎಸ್ ಘಟಕದವರು ಭಾಷಣ ಇಟ್ಟುಕೊಳ್ಳುವ ಬದಲು ಒಂದು ಹಗ್ಗ, ಒಂದು ಖಾಲಿ ಕ್ಯಾನ್ ತಂದು ಮೈದಾನದಲ್ಲೇ ಎಸೆಯುವ ಅಭ್ಯಾಸ ಮಾಡಿಸಲಿ. ಹತ್ತು ನಿಮಿಷದ ಕೆಲಸ. ಖರ್ಚು ಹಗ್ಗದ್ದು ಮಾತ್ರ.

ಪಿರಿಯಾಪಟ್ಟಣದ ಹುಡುಗನೊಬ್ಬ, ಎಚ್.ಡಿ. ಕೋಟೆಯ ಹಾಡಿಯ ಹುಡುಗಿಯೊಬ್ಬಳು ಎಂದೋ ಒಂದು ದಿನ ತಾತ್ಸೆನ್‌ನ ಕಟ್ಟೆಯಿಂದ ಜಾರಿ ಗೇಟು ದಾಟುವುದನ್ನು ನಾವು ಮೊಬೈಲಿನಲ್ಲಿ ನೋಡಿದರೆ ಸಂತೋಷವೇ. ಆ ದಿನ ಬರದಿದ್ದರೂ ಚಿಂತೆಯಿಲ್ಲ. ಈ ಮಳೆಗಾಲದಲ್ಲಿ ನಮ್ಮ ಹೊಳೆಗೆ, ನಮ್ಮ ನಾಲೆಗೆ ಜಾರಿದ ಮಗು ತಾನಾಗಿ ಈಜಿ ದಡ ಸೇರಿ, ಒದ್ದೆ ಬಟ್ಟೆಯಲ್ಲಿ ಮನೆಗೆ ಬಂದು ಅಮ್ಮನ ಕೈಲಿ ಬೈಸಿಕೊಳ್ಳುವಂತಾಗಲಿ. ನಮಗೆ ಮೊದಲು ಬೇಕಾದ ಪದಕ ಅದು.